ಕೂಡಿಡಲಾಗದ ಸರಕು

ಬೆಲ್ಲದ ಧಾರಣೆ ಕುಸಿದರೆ ಮಹಾಲಿಂಗಪುರದ ವ್ಯಾಪಾರಿ ಪೆಂಟಿಗಳನ್ನು ಉಗ್ರಾಣದಲ್ಲಿರಿಸಿ ಕಾಯಬಲ್ಲನು. ವಿಮಾನದ ಆಸನಕ್ಕಾಗಲಿ ವಿದ್ಯುಚ್ಛಕ್ತಿಗಾಗಲಿ ಆ ಭಾಗ್ಯವಿಲ್ಲ. ವಿಮಾನವು ನೆಲ ಬಿಟ್ಟಾಗ ಬರಿದಾಗಿದ್ದ ಆಸನವನ್ನು ಮರುದಿನ ಮಾರಲು ಬಾರದು. ವಿದ್ಯುತ್ತನ್ನಂತೂ ಬೇಡಿದ ಕ್ಷಣದಲ್ಲಿ, ಬೇಡಿದಷ್ಟೇ ಉತ್ಪಾದಿಸಬೇಕು.

2003ರ ಆಗಸ್ಟಿನಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಸಂಸ್ಥೆಯು ತನ್ನ ಮೊದಲ ವಿಮಾನವನ್ನು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿಸಿತು. ಚಿಕ್ಕ ವಿಮಾನ, ಮುಂಚೆ ಕಾದಿರಿಸಿದವನಿಗೆ ಕಡಿಮೆ ದರ, ಕೊನೆಗೆ ಓಡಿ ಬಂದವನಿಗೆ ಹೆಚ್ಚು. ಇಂದು ಗಣಕಯಂತ್ರವು ಗಳಿಗೆಗೊಂದು ದರ ಹೇಳುತ್ತದೆ. ಅಗ್ಗವೆಂದು ಅಪರಾತ್ರಿಯ ವಿಮಾನವನ್ನು ಹಿಡಿಯುವವನು, ಕಣ್ಣುಜ್ಜಿಕೊಳ್ಳುತ್ತಲಾದರೂ, ಆ ಹೊತ್ತನ್ನು ತಾನೇ ಆರಿಸಿಕೊಂಡವನು.

ಹಿಪ್ಪರಗಿಯ ರೈತನಿಗೆ ಆ ಆಯ್ಕೆಯಿಲ್ಲ. ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ನಿಂತಿದೆ. ನೀರು ಕಣ್ಣೆದುರಿಗೇ ಇದೆ. ಅದು ಕಬ್ಬಿನ ಬುಡವನ್ನು ಸೇರಬೇಕಾದರೆ ಪಂಪ್‌ಸೆಟ್ ತಿರುಗಬೇಕು. ಅದಕ್ಕೆ ಬೇಕಾದ ತ್ರೀಫೇಸ್ ವಿದ್ಯುತ್ತು ಬರುವುದು ಸರದಿಯ ಮೇಲೆ. ಸರದಿ ಇರುಳಿಗೆ ಬಿದ್ದರೆ ಕೈಯಲ್ಲಿ ಬ್ಯಾಟರಿ, ಕಾಲಡಿಯಲ್ಲಿ ಕೆಸರು, ಮನದಲ್ಲಿ ಹಾವಿನ ಭಯ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಶುಲ್ಕವಿಲ್ಲವೆಂಬುದೇನೋ ನಿಜ. ಕಳೆದುಕೊಂಡ ನಿದ್ರೆಯನ್ನು ಯಾವ ಮೀಟರು ಅಳೆದೀತು?

ಇರುಳಿನ ಈ ಸರದಿಗೆ ಹಳೆಯ ಮೂಲವಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಪಾತಾಳದಲ್ಲಿ ಹಗಲೇನು, ಇರುಳೇನು! 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಮುಂದೆ ಮನೆಮನೆಗೂ ದೀಪ, ಪಂಕ, ನೀರೊಲೆ ಬಂದಂತೆ ಮುಂಜಾನೆ ಮತ್ತು ಸಂಜೆಗಳೆಂಬ ಇಬ್ಬರು ಹೊಸ ಯಜಮಾನರು ಹುಟ್ಟಿಕೊಂಡರು. ಊರೆಲ್ಲ ಮಲಗಿದ ಮೇಲೆ ಯಂತ್ರಗಳ ಹೊರೆ ತಗ್ಗುತ್ತದೆ. ಆ ಉಳಿಕೆಯ ಹೊತ್ತು ಹೊಲದ ಪಾಲಾಯಿತು.

ಈಗ ಆ ಉಳಿಕೆಯೇ ಜಾಗ ಬದಲಿಸುತ್ತಿದೆ. ಪಾವಗಡದ ಬರಡುಭೂಮಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವು 2019ರ ಕೊನೆಗೆ ಪೂರ್ಣಗೊಂಡಿತು. ಬಿಸಿಲಿನ ವಿದ್ಯುತ್ತು ನಡುಹಗಲಿನಲ್ಲೇ ಉಕ್ಕುತ್ತದೆ. ನಗರದ ಸಂಜೆಗೆ ಅದು ಒದಗದು. ಪಂಪ್‌ಸೆಟ್ಟುಗಳ ಮಾರ್ಗಗಳಿಗೆ ಸೌರಘಟಕಗಳನ್ನು ಜೋಡಿಸಿ ಹಗಲಿನಲ್ಲೇ ನೀರೆತ್ತಿಸುವ ಯೋಜನೆ ರಾಜ್ಯದಲ್ಲಿ ನಡೆದಿದೆ. ಬಹುಕಾಲ ಬೇಡಿಕೆಯ ಅನುಕೂಲಕ್ಕೆ ಕಾದ ರೈತನಿಗೆ ಸೂರ್ಯನ ಅನುಕೂಲವೇ ಒದಗಿಬಂದಿರುವುದು ಸೋಜಿಗ. ಸರದಿ ಹಗಲಿಗೆ ಬಂದ ಹೊಲಗಳಲ್ಲಿ ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿದವನು ಮತ್ತೆ ಚಪ್ಪಲಿ ಮೆಟ್ಟಬೇಕಾಗಿಲ್ಲ.