ಅಜ್ಜಿಯ ಹೇಳಿಕೆಯೂ ಸಾಕ್ಷ್ಯವೇ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕೋರ್ಟುಗಳಲ್ಲಿ ಆರೋಪಿಯಾಗಿ ನಿಲ್ಲುವವರಲ್ಲಿ ಕಾಡಂಚಿನಲ್ಲಿ ಒಂದಿಷ್ಟು ಗುಂಟೆ ಭತ್ತ, ಅಡಿಕೆ ಬೆಳೆದವರೂ ಇರುತ್ತಾರೆ. ಕರ್ನಾಟಕ ಅರಣ್ಯ ಕಾಯ್ದೆ, 1963ರ 64ಎ ಕಲಮಿನಡಿ ಅರಣ್ಯ ಅತಿಕ್ರಮಣ ಕ್ರಿಮಿನಲ್ ಅಪರಾಧ. ಸಮನ್ಸ್ ಬಂದ ದಿನವೇ ಊರಿನವರ ಕಣ್ಣಲ್ಲಿ ಆತ ತಪ್ಪಿತಸ್ಥ. ಇದು ಅನ್ಯಾಯ.

ಆತನ ಪರವಾಗಿಯೂ ಕಾನೂನಿದೆ. ಅರಣ್ಯ ಹಕ್ಕು ಕಾಯ್ದೆ, 2006ರ 4(5)ನೇ ಕಲಮಿನ ಪ್ರಕಾರ ಹಕ್ಕಿನ ಪರಿಶೀಲನೆ ಮುಗಿಯುವ ತನಕ ಅರಣ್ಯವಾಸಿಯನ್ನು ಒಕ್ಕಲೆಬ್ಬಿಸುವಂತಿಲ್ಲ. ತೊಡಕಿರುವುದು ಪುರಾವೆಯಲ್ಲಿ. ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸ ತೋರಿಸಬೇಕು. ಅಷ್ಟು ಹಳೆಯ ಕಾಗದ ಎಷ್ಟು ಮನೆಗಳಲ್ಲಿ ಉಳಿದೀತು? ಕಾಯ್ದೆಯ ನಿಯಮಗಳು ಈ ಕಷ್ಟವನ್ನು ಬಲ್ಲವು: ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ, ಹಳೆಯ ಮನೆ, ಬಾವಿ, ಎಲ್ಲವೂ ಸಾಕ್ಷ್ಯ. ಇಂಥದ್ದೇ ದಾಖಲೆ ತನ್ನಿ ಎಂದು ಹಕ್ಕಿನ ಅರ್ಜಿ ಪರಿಶೀಲಿಸುವ ಉಪವಿಭಾಗ, ಜಿಲ್ಲಾ ಸಮಿತಿಗಳು ಪಟ್ಟು ಹಿಡಿಯುವಂತಿಲ್ಲ ಎಂಬ ಮಾತು 2012ರ ತಿದ್ದುಪಡಿಯಲ್ಲಿ ಸೇರಿತು.

ನೆರೆಮನೆಯ ಅಜ್ಜಿ ಹೇಳುವುದನ್ನು ಬರೆಸಿಕೊಂಡು ಸಮಿತಿಯ ಮುಂದೆ, ಕೋರ್ಟಿನ ಮುಂದೆ ಇಡಬಲ್ಲ ವಕೀಲ ಬೇಕು. ಫೀಸಿಗೆ ಹೆದರಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಅದು ಅಪರಾಧ ಸಾಬೀತಾದಂತೆಯೇ.

ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ವಕೀಲರು ಉಚಿತ. ಇತರ ಬಡವರಿಗೆ ಆದಾಯ ಮಿತಿಯೊಳಗೆ ಈ ಸೌಲಭ್ಯವಿದೆ. ಕೇಳಬೇಕಾದ್ದು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ. ಸಹಾಯವಾಣಿ: 15100.