ತೆರೆದ ಬಾಗಿಲು ಬೇಡುವ ಹಬ್ಬ

ದೀಪಾವಳಿ ಅಮಾವಾಸ್ಯೆಯ ಸಂಜೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದೇ ಸಂಜೆ ಕಾರವಾರ ರಸ್ತೆ ಹಿಡಿದು ಕಲಘಟಗಿ ಸೀಮೆಯ ತಾಂಡಾಗಳಿಗೆ ಹೋದರೆ, ದೀಪ ಮದುವೆಯಾಗದ ಹುಡುಗಿಯರ ಕೈಯಲ್ಲಿ ಮನೆಯಿಂದ ಮನೆಗೆ ನಡೆಯುತ್ತಿರುತ್ತದೆ. ಮನೆಮನೆಗೆ ದೀಪ ಒಯ್ಯುವ ಈ ಆಚರಣೆಯನ್ನು ಲಂಬಾಣಿಗರು ಮೇರಾ ಅನ್ನುತ್ತಾರೆ. ಜೊತೆಯಲ್ಲಿ ಕೆಲಸ ಮಾಡುವ ಗೆಳೆಯರೊಬ್ಬರು ತಮ್ಮ ತಾಂಡಾಕ್ಕೆ ಕರೆದದ್ದರಿಂದ ಅದನ್ನು ಕಣ್ಣಾರೆ ನೋಡುವ ಭಾಗ್ಯ ನನ್ನದಾಯಿತು.

ಬಾಗಿಲಲ್ಲೇ ಅವರ ಯಾಡಿ, ಅಂದರೆ ತಾಯಿ, ನನ್ನನ್ನು ನಿಲ್ಲಿಸಿದರು. "ಬಂದದ್ದು ಚಲೋ ಆತ್ರಿ ಸರ. ಮೊದಲ ನಾಯಕರ ಮನಿಗೆ ಹೋಗಿ ರಾಮ್ ರಾಮ್ ಹೇಳಿ ಬರ್ರಿ, ಆಮ್ಯಾಲೆ ಚಾ." ತಾಂಡಾಕ್ಕೆ ನಾಯಕ, ಕಾರಭಾರಿ, ಡಾವ್ ಎಂಬ ಹಿರಿತನವಿದೆ. ಹುಡುಗಿಯರೂ ಮೊದಲು ಹೋಗುವುದು ನಾಯಕನ ಮನೆಗೇ. ಬಂದ ಅತಿಥಿಗೂ ಅದೇ ದಾರಿ.

ಕತ್ತಲಾದ ಮೇಲೆ ಅವರು ಹೊರಟರು. ವರ್ಷವಿಡೀ ಚೂಡಿದಾರ ತೊಟ್ಟು ಕಾಲೇಜಿಗೆ ಹೋಗುವ ಹುಡುಗಿಯರು ಅಂದು ಅಜ್ಜಿಯ ಕಾಲದ ಪೇಟಿಯಾ ಲಂಗ, ಕನ್ನಡಿ ಕೂಡಿಸಿದ ಕಾಂಚಳಿ ರವಿಕೆ ತೊಟ್ಟಿದ್ದರು. ಪ್ರತಿ ಮನೆಯ ಮುಂದೆ ನಿಂತು, ಒಳಗಿರುವವರನ್ನು ಅಪ್ಪ, ಅವ್ವ, ಅಣ್ಣ ಎಂದು ಸಂಬಂಧ ಹಿಡಿದು ಕರೆದು ಹಾಡಿನಲ್ಲೇ ಶುಭ ಕೋರುತ್ತಾರೆ. ಮನೆಯವರು ಕೈಗೆ ಕಾಸು ಹಾಕುತ್ತಾರೆ. ನಮ್ಮ ಉತ್ಸವಗಳ ಮೆರವಣಿಗೆಯಲ್ಲಿ ಲಂಬಾಣಿ ಕುಣಿತ ನೋಡಿ ಇವರ ಹಬ್ಬವನ್ನೇ ಕಂಡೆವೆಂದುಕೊಂಡವರು ಬಹಳ ಜನ. ಮೇರಾಕ್ಕೆ ಪ್ರೇಕ್ಷಕರ ಅಗತ್ಯವಿಲ್ಲ, ತೆರೆದ ಬಾಗಿಲು ಬೇಕು.

ಆದರೆ ಬಾಗಿಲು ಎಲ್ಲ ಮನೆಗಳದೂ ತೆರೆದಿರಲಿಲ್ಲ. ಒಂದು ಮನೆಗೆ ಬೀಗ. "ಗೋವಾದಾಗ ಗಾರೆ ಕೆಲಸಕ್ಕ ಹೋಗ್ಯಾರ್ರಿ, ರಜಾ ಸಿಕ್ಕಿಲ್ಲ," ಎಂದರು ಗೆಳೆಯರು. ಹುಡುಗಿಯರು ಆ ಮನೆಯನ್ನು ದಾಟಿ ಹೋಗಲಿಲ್ಲ. ಬೀಗದ ಮುಂದೆ ನಿಂತು, ಒಳಗಿಲ್ಲದವರನ್ನೂ ಕರೆದು ಶುಭ ಕೋರಿಯೇ ಮುಂದೆ ನಡೆದರು. ಆ ರಾತ್ರಿ ನನ್ನನ್ನು ಅಲ್ಲಾಡಿಸಿದ್ದು ಅದೊಂದೇ.

ಮರುದಿನ ಬೆಳಿಗ್ಗೆ ಹುಡುಗಿಯರು ಹೂ ತರಲು ಅಡವಿಗೆ ಹೋದರು. ಮುಂದಿನ ದೀಪಾವಳಿಯೊಳಗೆ ಮದುವೆ ಗೊತ್ತಾದವರಿಗೆ ಇದು ಕಡೆಯ ಮೇರಾ. ಆಮೇಲೆ ಈ ದೀಪ ಅವರ ಕೈಗಿಲ್ಲ. ಗೆಳತಿಯರನ್ನು ತಬ್ಬಿ ಅತ್ತ ಅವರ ಮುಖ ತಿರುಗಿ ಬರುವಾಗಲೂ ಕೆಂಪಾಗಿತ್ತು. ತಂದ ಹೂವನ್ನು ಮನೆಮನೆಯ ಗೊರ್ಧನಕ್ಕೆ, ಅಂದರೆ ಪೂಜೆಗೆಂದು ಮಾಡಿದ ಸಗಣಿಯ ಗುಡ್ಡೆಗೆ, ಏರಿಸಿದರು. ಗಂಡಸರು ಧಬುಕಾರ್ ಮಾಡಿದರು. ಬೆಂಕಿಗೆ ಬೆಲ್ಲದನ್ನ, ತುಪ್ಪ ಹಾಕಿ ತೀರಿದ ಹಿರಿಯರನ್ನು ಒಬ್ಬೊಬ್ಬರನ್ನಾಗಿ ನೆನೆಯುವ ಪೂಜೆ ಅದು.

ಈ ಹಿರಿಯರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಕರಾವಳಿಗೂ ಬಯಲುಸೀಮೆಗೂ ನಂಟು ಕಟ್ಟಿದವರು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು. ನಮ್ಮ ಊರು ಬೆಳೆದದ್ದೇ ಅದರಿಂದ. ಇವರ ಹೇರಿನ ಕಸುಬು ಮುಳುಗಿದ್ದೂ ರೈಲಿನಿಂದಲೇ. ಅದರ ಜೊತೆಗೆ, ಅಲೆದಾಡುವ ಜನರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಹೆಸರಿಸಿದ 1871ರ ಬ್ರಿಟಿಷ್ ಕಾಯ್ದೆ ಹಲವೆಡೆ ಲಂಬಾಣಿಗರನ್ನೂ ಬಿಡಲಿಲ್ಲ. ಅದು ರದ್ದಾದದ್ದು 1952ರಲ್ಲಿ. ಹೇರೆತ್ತುಗಳು ಹೋಗಿ ತಲೆಮಾರುಗಳಾದರೂ ಸಗಣಿಗೆ ಹೂವೇರಿಸುವುದನ್ನು ಬಿಡದ ಜನ ಇವರು. ಇದಕ್ಕಿಂತ ದೊಡ್ಡ ನಿಷ್ಠೆಯನ್ನು ನಾನು ಬೇರೆ ಹಬ್ಬದಲ್ಲಿ ಕಂಡಿಲ್ಲ.

ಇಂದು ತಾಂಡಾದ ದುಡಿಮೆ ಬೇರೆಯವರ ಊರುಗಳಲ್ಲಿದೆ. ದೀಪಾವಳಿಯ ಹೊತ್ತಿಗೇ ಹಳಿಯಾಳ, ಬೆಳಗಾವಿ ಕಡೆ ಕಬ್ಬು ಕಡಿಯುವ ಸುಗ್ಗಿಯೂ ಶುರುವಾಗುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಗುತ್ತಿಗೆದಾರರಲ್ಲಿ, ಮನೆ ಕಟ್ಟಿಸುತ್ತಿರುವವರಲ್ಲಿ, ಕಬ್ಬಿನ ಗ್ಯಾಂಗು ಕಟ್ಟುವ ಮುಕಾದಮರಲ್ಲಿ ನನ್ನದೊಂದು ಕೇಳಿಕೆಯಿದೆ: ಅಮಾವಾಸ್ಯೆ, ಪಾಡ್ಯ ಎರಡು ದಿನ ನಿಮ್ಮ ಲಂಬಾಣಿ ಕೆಲಸಗಾರರಿಗೆ ಪಗಾರ ಕಡಿಯದೆ ರಜೆ ಕೊಡಿ. ಹೋಗಿ ಅವರು ತಮ್ಮ ಬಾಗಿಲು ತೆರೆಯಲಿ.