ಹಾಡಿದವರ ಹೆಸರು

ಮನೆಯವರೆಲ್ಲ ಮಲಗಿದ ಮೇಲೆ ಬ್ಯಾಂಜೋ ಕೇಳುವ ಚಟವೊಂದು ನನಗೆ ಈಚೆಗೆ ಹತ್ತಿಕೊಂಡಿದೆ. ಹಾಡುಗಾರನ ಹೆಸರು ಡಾಕ್ ಬಾಗ್ಸ್. “ಪಾಪ, ಇವನಿಗೆ ನೆಗಡಿಯೇ?” ಎಂದು ನನ್ನ ಹೆಂಡತಿ ಮೊದಲ ದಿನವೇ ಕೇಳಿದಳು. ಪ್ರಶ್ನೆ ತೀರ ಅನ್ಯಾಯದ್ದೇನಲ್ಲ. ಅವನ ದನಿ ಮೂಗಿನಲ್ಲಿ ಹುಟ್ಟಿ ಗಂಟಲಲ್ಲಿ ಗೀರಿಕೊಂಡು ಬರುತ್ತದೆ. ಇಂಪು ಬಯಸುವವರು ಬೇರೆ ಕಡೆ ಹೋಗಬೇಕು. ನಾನು ಮಾತ್ರ ಎದ್ದು ಹೋಗಲಾರದವನಾಗಿದ್ದೇನೆ.

ಬಾಗ್ಸ್ 1898ರಲ್ಲಿ ಅಮೆರಿಕದ ವರ್ಜೀನಿಯದಲ್ಲಿ, ನಾರ್ಟನ್ ಎಂಬ ಊರಿನ ಬಳಿ ಹುಟ್ಟಿದ. ಅದು ಕಲ್ಲಿದ್ದಲಿನ ಸೀಮೆ. ಹುಡುಗನಾಗಿದ್ದಾಗಲೇ ಗಣಿಯ ಕೆಲಸಕ್ಕೆ ಸೇರಿದ. ಅವನ ಕಡೆಯ ಬಿಳಿಯರಲ್ಲಿ ಅನೇಕರು ಬ್ಯಾಂಜೋ ತಂತಿಯನ್ನು ಉಗುರಿನಿಂದ ಕೆಳಕ್ಕೆ ಹೊಡೆದು ನುಡಿಸುತ್ತಿದ್ದರು. ಇವನು ಕಪ್ಪು ಜನರ ವಾದನವನ್ನು ಕಂಡು, ಒಂದೊಂದೇ ತಂತಿಯನ್ನು ಮೀಟುವುದನ್ನು ಕಲಿತ. ಆದ್ದರಿಂದಲೇ ದನಿ ನಡೆದ ದಾರಿಯಲ್ಲಿ ವಾದ್ಯವೂ ಹೆಜ್ಜೆಯಿಡುತ್ತದೆ.

1927ರಲ್ಲಿ ಬ್ರನ್ಸ್‌ವಿಕ್ ಕಂಪನಿಯವರು ನಾರ್ಟನ್ನಿನಲ್ಲಿ ಹಾಡುಗಾರರನ್ನು ಪರೀಕ್ಷಿಸಿದರು. ಆಯ್ಕೆಯಾದ ಬಾಗ್ಸ್ ನ್ಯೂಯಾರ್ಕಿಗೆ ಹೋಗಿ ಎಂಟು ಹಾಡುಗಳ ಮುದ್ರಣ ಕೊಟ್ಟು ಬಂದ. 1929ರಲ್ಲಿ ಮತ್ತೆ ನಾಲ್ಕು. ಗಣಿಯನ್ನು ಬಿಟ್ಟು ಹಾಡಿನಿಂದಲೇ ಬದುಕಬೇಕೆಂಬುದು ಅವನ ಆಸೆ. ಅಷ್ಟರಲ್ಲಿ ಮಹಾಮುಗ್ಗಟ್ಟು ಬಂತು. ದೈವಭಕ್ತೆಯಾದ ಹೆಂಡತಿಗೂ ಆ ಹಾಡುಗಳ ಸಹವಾಸ ಹಿಡಿಸಲಿಲ್ಲ. ಬ್ಯಾಂಜೋ ಸ್ನೇಹಿತನೊಬ್ಬನಲ್ಲಿ ಒತ್ತೆ ಬಿತ್ತು. ಬಾಗ್ಸ್ ಗಣಿಯಲ್ಲೇ ಉಳಿದ. ಸುಮಾರು ಕಾಲು ಶತಮಾನ ಅವನ ಹಾಡನ್ನು ಹೊರಗಿನವರು ಕೇಳಲಿಲ್ಲ.

1952ರಲ್ಲಿ ಹ್ಯಾರಿ ಸ್ಮಿತ್ ಎಂಬಾತ ಹೊರತಂದ ಜನಪದ ಸಂಗೀತದ ಸಂಕಲನದಲ್ಲಿ ಬಾಗ್ಸನ ಎರಡು ಹಳೆಯ ಹಾಡುಗಳು ಸೇರಿದ್ದವು. 1963ರಲ್ಲಿ ಮೈಕ್ ಸೀಗರ್ ಎಂಬ ಸಂಗೀತಗಾರ ಅವನನ್ನು ಹುಡುಕಿಕೊಂಡು ನಾರ್ಟನ್ನಿಗೆ ಹೋದ. ಆಗ ಬಾಗ್ಸನಿಗೆ 65. ಸೀಗರ್ ಹಾಡನ್ನು ಮುದ್ರಿಸಿಕೊಂಡುದಲ್ಲದೆ, ಎದುರು ಕುಳಿತು ಅವನ ಬಾಳಿನ ಕಥೆಯನ್ನೂ ಕೇಳಿ ಮುದ್ರಿಸಿಕೊಂಡ. ಹಾಡುಗಳಂತೆ ಆ ಮಾತುಗಳನ್ನೂ ಫೋಕ್‌ವೇಸ್ ಸಂಸ್ಥೆ ಪ್ರಕಟಿಸಿತು.

ಇಲ್ಲಿಗೆ ಬಂದಾಗಲೆಲ್ಲ ನನ್ನ ಮನಸ್ಸು ಅಳುಕುತ್ತದೆ. “ಜನಪದ ಗೀತೆಗೆ ಕರ್ತೃವಿಲ್ಲ, ಅದು ಸಮೂಹದ ಸೃಷ್ಟಿ” ಎಂದು ತರಗತಿಯಲ್ಲಿ ವರ್ಷ ವರ್ಷವೂ ಹೇಳುತ್ತ ಬಂದವನು ನಾನು. ಎಂ.ಎ. ಓದುವಾಗ ಹಳ್ಳಿಯೊಂದಕ್ಕೆ ಹೋಗಿ, ಒಬ್ಬ ಮುದುಕಿಯಿಂದ ಹನ್ನೊಂದು ಹಾಡುಗಳನ್ನು ಬರೆದುಕೊಂಡು ಬಂದಿದ್ದೆ. ಆಕೆ ಕಳೆ ಕೀಳುವ ಕೆಲಸ ಬಿಟ್ಟು, ಅರ್ಧ ದಿನದ ಕೂಲಿ ಕಳೆದುಕೊಂಡು ನನಗಾಗಿ ಹಾಡಿದ್ದಳು. ಮೊನ್ನೆ ಆ ನೋಟುಪುಸ್ತಕ ತೆಗೆದು ನೋಡಿದೆ. ಪಾಠಾಂತರಗಳು, ಛಂದಸ್ಸಿನ ಗುರುತುಗಳು ಎಲ್ಲ ಅಚ್ಚುಕಟ್ಟಾಗಿವೆ. ಹಾಡಿದವರು ಎಂಬ ಕಡೆ, “ಮಹಿಳೆ, ಸುಮಾರು 60 ವರ್ಷ” ಎಂದಷ್ಟೇ ಇದೆ. ಕರ್ತೃವಿಲ್ಲವೆಂಬ ಸಿದ್ಧಾಂತ ನನಗೆ ಎಷ್ಟು ಅನುಕೂಲವಾಗಿತ್ತು! ಹಾಡು ಸಮೂಹದ್ದೇ ಇರಬಹುದು. ಅಂದು ಕಳೆದುಹೋದ ಕೂಲಿ ಸಮೂಹದ್ದಾಗಿರಲಿಲ್ಲ.

ಬಾಗ್ಸ್ 1971ರಲ್ಲಿ, ತಾನು ಹುಟ್ಟಿದ ದಿನದಂದೇ, ಫೆಬ್ರವರಿ 7ರಂದು ತೀರಿಕೊಂಡ. ಅವನ ವಿಷಯದಲ್ಲಿ ನನಗೆ ಇಷ್ಟೆಲ್ಲ ಗೊತ್ತು. ಈ ಬೇಸಿಗೆಯ ರಜೆಗೆ ಆ ಹಳ್ಳಿಗೆ ಹೋಗಿ ವಿಚಾರಿಸಬೇಕೆಂದಿದ್ದೇನೆ. ಊರಿನ ಹೆಸರು ನೋಟುಪುಸ್ತಕದಲ್ಲಿದೆ; ಬಸ್ಸೂ ಇದೆ. ಆದರೆ ಬಸ್ಸಿಳಿದು ಯಾರ ಮನೆಯೆಂದು ಕೇಳಲಿ?